ಎರಡು ಬಾಯಿಯ ರೆಗ್ಯುಲೇಟರ್

ನಲ್ಲಿ ನೀರಿಗೇ ಬರವಿರುವ ರಾಯದುರ್ಗದಲ್ಲಿ ಕೂತು ನೀರಲ್ಲಿ ಮುಳುಗಿ ಸಾಯಲು ತಯಾರಿ ನಡೆಸಿದ ಮಹಾಶಯ ಯಾರಾದರೂ ಇದ್ದರೆ, ಅದು ನನ್ನ ಖಾಸಾ ತಮ್ಮ! ಮುಳುಗುವುದೆಲ್ಲಿ ಅಂತೀರಾ? ಭೈರವಾನಿತಿಪ್ಪ ಡ್ಯಾಮಿನಲ್ಲಿ!

ಇವನು ಜೀನ್ಸ್ ಹೊಲಿಯುವ ಮಷಿನ್‌ಗಳ ಮೆಕ್ಯಾನಿಕ್. ಗೋವಾಕ್ಕೆ ಪ್ಯಾಂಟುಗಳನ್ನು ಒಯ್ಯುವ ಲಾರಿ ಡ್ರೈವರ್ ಒಬ್ಬ ವಾಪಸ್ ಬರುವಾಗ ಇವನಿಗೊಂದು ಸೆಕೆಂಡ್ ಹ್ಯಾಂಡ್ ರೆಗ್ಯುಲೇಟರ್ ತಂದುಕೊಟ್ಟ. ಫ್ಯಾನಿನದಲ್ಲ, ಮೈ ಗಾಡ್! ಸಮುದ್ರದಡಿ ಈಜುವವರು ಬಾಯಲ್ಲಿ ಕಚ್ಚಿಕೊಂಡು, ಬೆನ್ನ ಮೇಲಿನ ಸಿಲಿಂಡರಿನಿಂದ ಉಸಿರೆಳೆಯುವ ಸಾಧನ.

"ಸಿಲಿಂಡರ್ ಎಲ್ಲೈತೋ?" ಎಂದೆ.

"ಬರ್ತೈತಿ ಬಿಡಕ್ಕ. ಮೊದ್ಲು ಇದು ರಿಪೇರಿ ಆಗ್ಲಿ."

ಮೂಗುದಾರ ಕೊಂಡು ಎತ್ತಿಗೆ ಕಾಯುವವನಿಗೆ ಏನು ಹೇಳೋಣ? ಹೋಪ್‌ಲೆಸ್!

ಸಮುದ್ರದ ಉಪ್ಪು ಬಿಡಲೆಂದು ಅದನ್ನು ನೆನೆಹಾಕಿದ್ದು ನಾನು ಹಿಡಿದಿಟ್ಟ ಕುಡಿಯುವ ನೀರಿನ ಕೊಡದಲ್ಲಿ! ನನಗೇನು ಗೊತ್ತು? ಕಾಫಿ ಕುಡಿದ ಪಕ್ಕದ ಮನೆಯಾಕೆ, "ಅಕ್ಕಾರ, ಇದಕ್ಕ ಉಪ್ಪು ಯಾಕ ಹಾಕೀರಿ?" ಎಂದಳು. ಗೋವಾ ಸ್ಟೈಲ್ ಎಂದುಬಿಟ್ಟೆ.

ಆಮೇಲೆ ನಮ್ಮೂರಿನ ಸರ್ವರೋಗದ ಮದ್ದು, ಹೊಲಿಗೆ ಮಷಿನ್ ಎಣ್ಣೆ. ಕಿರ್ರೆನ್ನುವ ಬಾಗಿಲಿಗೆ ಅದೇ, ಸೈಕಲ್ಲಿಗೂ ಅದೇ. ಮೊಣಕಾಲಿಗೆ ಸವರಿಕೊಳ್ಳುವ ಟೈಲರ್‌ಗಳನ್ನೂ ಕಂಡಿದ್ದೇನೆ! ಅದನ್ನೇ ಇವನು ರೆಗ್ಯುಲೇಟರಿಗೂ ಧಾರಾಳವಾಗಿ ಬಿಟ್ಟ. ಒಳಗಿನ ರಬ್ಬರ್ ಉಂಗುರಗಳು ನೆನೆದ ಕಡಲೆಯಂತೆ ಉಬ್ಬಿ ಕೂತವು. ಇನ್ನೊಂದು ತರಿಸಿದ. ಮತ್ತೆ ಎಣ್ಣೆ!

"ಎಣ್ಣಿ ಮುಟ್ಟಿಸ್ಬ್ಯಾಡ ಅಂತಾರ ಗೋವಾದವ್ರು. ಎಣ್ಣಿ ಇಲ್ದ ಯಾವ ಮಷಿನ್ ನಡೀತೈತಿ, ನೀನೇ ಹೇಳಕ್ಕ?"

ಕಾನ್ವೆಂಟಿನ ಸಿಸ್ಟರ್ಸ್ ಕಲಿಸಿದ ಪ್ರೇಯರ್‌ಗಳೆಲ್ಲ ಖರ್ಚಾದವು. ದೇವರೇ, ಆ ಸಿಲಿಂಡರ್ ಒಂದು ಬಾರದಿರಲಿ; ನನ್ನವರು ಅಂತ ಉಳಿದಿರುವುದು ಇವನೊಬ್ಬನೇ.

ದೇವರಿಗೆ ಬಿಡುವಿರಲಿಲ್ಲವೇನೋ. ಅದೇ ಲಾರಿಯಲ್ಲಿ ಸಿಲಿಂಡರ್ ಬಂತು, ಜೊತೆಗೊಂದು ಹೊಸ ಹಳೇ ರೆಗ್ಯುಲೇಟರ್. ಇದಕ್ಕೆ ಕಚ್ಚಿಕೊಳ್ಳಲು ಎರಡು ಬಾಯಿ: ಕಪ್ಪು ಒಂದು, ಹಳದಿ ಒಂದು. "ನಿನಗಿರೋ ಒಂದು ಬಾಯಿ ಸಾಲದೇನೋ?" ಎಂದು ಬೈದೆ. ಬೈದು, ಡ್ಯಾಮಿಗೆ ಹೊರಟ ಅವನ ಜೊತೆಗೇ ಆಟೋ ಹತ್ತಿದೆ. ತಡೆಯಲು ಯಾರಾದರೂ ಬೇಕಲ್ಲ!

"ಏನಮ್ಮಾರ, ಗ್ಯಾಸ್ ಮುಗೀತೇನ್ರಿ?" ಎಂದ ಆಟೋದವನು.

"ಇಲ್ಲಪ್ಪ, ನನ್ನ ತಮ್ಮನ ಬುದ್ಧಿ ಮುಗೀತು."

ಡ್ಯಾಮಿನ ದಡದಲ್ಲಿ ವಾಲ್ವ್ ತಿರುಗಿಸಿದ್ದೇ ತಡ, ಕಪ್ಪು ಬಾಯಿ ಹಾವಿನಂತೆ ಬುಸುಗುಟ್ಟತೊಡಗಿತು. ಆದರೂ ಅದನ್ನೇ ಕಚ್ಚಿಕೊಂಡು ನೀರಿನತ್ತ ಹೊರಟ! ನಾನು ಅಂಗಿ ಹಿಡಿದು ಜಗ್ಗಿದೆ. "ಬ್ಯಾಡೋ! ನೀ ಹೋದ್ರೆ ನನಗ್ಯಾರೋ?"

ಅವನು ನಿಂತ. ಹಳದಿ ಬಾಯಿಯನ್ನು ಅಂಗಿಯ ಅಂಚಿನಿಂದ ಒರೆಸಿ ನನ್ನ ಕೈಗಿಟ್ಟ.

"ಇದು ಜೊತಿಗೆ ಬಂದವ್ರಿಗಕ್ಕ. ಅವ್ರ ಗಾಳಿ ಮುಗಿದ್ರ, ನಮ್ಮದ್ರಾಗ ಉಸಿರಾಡ್ಲಿ ಅಂತ. ಇಂಥದ್ದು ಸಿಗ್ಲಿ ಅಂತನ ಇಷ್ಟು ದಿನ ತರಿಸಿದ್ದು."

"ಈ ವಯಸ್ಸಲ್ಲಿ ನಾನು ನೀರಿಗಿಳೀತೀನೇನೋ, ಹುಚ್ಚ?"

"ನೀ ಬರ್ಲಿಲ್ಲಂದ್ರ ನಾನೂ ಇಳಿಯಂಗಿಲ್ಲ ಬಿಡು."

ಯಾರೂ ಇಳಿಯಲಿಲ್ಲ. ಅಕ್ಕಪಕ್ಕ ಕಲ್ಲಿನ ಮೇಲೆ ಕೂತೆವು, ಸಿಲಿಂಡರ್ ಖಾಲಿಯಾಗುವವರೆಗೆ. ಕಪ್ಪು ಬಾಯಿ ಕಚ್ಚಿದ್ದ ಅವನ ಗಲ್ಲದ ಮೇಲೆಲ್ಲ ಎಣ್ಣೆ ಇಳಿಯುತ್ತಿತ್ತು. ನಾನು ಹೆದರುತ್ತಲೇ ಹಳದಿಯನ್ನು ಕಚ್ಚಿ ಉಸಿರೆಳೆದೆ. ತಣ್ಣನೆಯ, ಶುದ್ಧ ಗಾಳಿ. ಅದಕ್ಕೊಂದಕ್ಕೆ ಮಾತ್ರ ಅವನು ಎಣ್ಣೆ ಮುಟ್ಟಿಸಿರಲಿಲ್ಲ.