ನೊರೆ ಬಂದ ವಿಭೂತಿ

ನಮ್ಮ ಚಿಕ್ಕಪ್ಪನ ಎದುರು ಅವರನ್ನೇ ಬೈದರೂ ಸಹಿಸಿಕೊಂಡಾರು. ನಿಂಬೆಹಣ್ಣಿನ ಸಿಪ್ಪೆ ಎಸೆದರೆ ಮಾತ್ರ ಕ್ಷಮೆಯಿಲ್ಲ! ನಾನು ತುಮಕೂರಿನಿಂದ ಗುಬ್ಬಿಯ ಅವರ ಮನೆಗೆ ಹೊರಟರೆ ನನ್ನ ಹೆಂಡತಿ ಹಣ್ಣು ಕಟ್ಟಿಕೊಡುವುದಿಲ್ಲ, ಸಿಪ್ಪೆ ಕಟ್ಟಿಕೊಡುತ್ತಾಳೆ. ನೆಂಟರ ಮನೆಗೆ ಬರಿಗೈಯಲ್ಲಿ ಹೋಗಬಾರದಲ್ಲ!

ಇದೆಲ್ಲ ಶುರುವಾದದ್ದು ಚಿಕ್ಕಮ್ಮನ ಕೈಯಿಂದ. ಪಾತ್ರೆ ತೊಳೆಯುವ ಸೋಪು ಅವರಿಗೆ ಆಗದು. ಅಂಗೈ ಬಿರಿದು, ಮುದ್ದೆ ಕಟ್ಟುವಾಗ ಬಿಸಿ ತಾಗಿ ಕಣ್ಣಲ್ಲಿ ನೀರು ಬರುತ್ತಿತ್ತು. ಡಾಕ್ಟರು ಗ್ಲೌಸ್ ಹಾಕಿಕೊಳ್ಳಿ ಎಂದರು.

"ಪಾತ್ರೆ ತೊಳೆಯೋಕೆ ಗ್ಲೌಸಾ? ನಾನೇನ್ ಆಪರೇಷನ್ ಮಾಡ್ತೀನಾ?"

ಚಿಕ್ಕಪ್ಪ ತಾವೇ ತೊಳೆಯಲು ನಿಂತರು. ಎರಡನೇ ದಿನವೇ ಹಾಲಿನಲ್ಲಿ ಸಾರಿನ ವಾಸನೆ ಬಂದು, ಅಡುಗೆಮನೆಯಿಂದ ಗಡಿಪಾರಾದರು. ಆಗಲೇ ಶಪಥ: "ನಿನ್ ಕೈ ಒಡೀದಂಗಿರೋ ಸೋಪು ನಾನೇ ಮಾಡ್ತೀನಿ ಕಣೇ!"

ಹುಳಿ ಬರಿಸಿ ಪಾತ್ರೆ ತೊಳೆಯುವ ನೀರು ಮಾಡಲೆಂದು ಸಿಪ್ಪೆ, ಬೆಲ್ಲ, ನೀರು ತುಂಬಿದ ಬಾಟಲಿಗಳು ಅಡುಗೆಮನೆಯಲ್ಲಿ ಸಾಲುಗಟ್ಟಿ ನಿಂತವು. ಒಳಗೆ ಗ್ಯಾಸ್ ಹುಟ್ಟುವುದರಿಂದ ದಿನವೂ ಮುಚ್ಚಳ ಸಡಿಲಿಸಬೇಕು. ಚಿಕ್ಕಪ್ಪ ಜೀವಮಾನವೆಲ್ಲ ಬಸ್ ಕಂಡಕ್ಟರ್ ಆಗಿದ್ದವರು. "ಇಳಿಯೋರು ಮೊದ್ಲು ಇಳೀರಿ" ಎನ್ನುತ್ತ ಮುಚ್ಚಳ ತಿರುಗಿಸುವರು. ಬಾಟಲಿ ಉಸ್ಸೆಂದರೆ "ರೈಟ್!" ಎಂದು ಮುಂದಿನದಕ್ಕೆ ಹೋಗುವರು. ಒಮ್ಮೆ ಸಿ.ಎಸ್. ಪುರದ ಮದುವೆಗೆಂದು ಇಬ್ಬರೂ ಎರಡು ದಿನ ಮನೆಯಲ್ಲಿರಲಿಲ್ಲ. ವಾಪಸು ಬಂದು ಬೀಗ ತೆಗೆದು ಕಾಫಿಗೆ ಇಟ್ಟರು, ಅಷ್ಟೇ. ಢಂ! ಸಿಪ್ಪೆಯೆಲ್ಲ ಸೂರಿಗೆ ಅಂಟಿತು. ಸಿಲಿಂಡರ್ ಸಿಡಿಯಿತೆಂದು ಚಿಕ್ಕಮ್ಮ ಬೀದಿಗೆ ಓಡಿದರು. ಗಂಡನನ್ನಲ್ಲ, ಮಿಕ್ಸಿಯನ್ನು ಎತ್ತಿಕೊಂಡು!

"ಇನ್ನೊಂದ್ ಸಲ ನನ್ ಮರ್ಯಾದೆ ತೆಗೀರಿ, ಅಷ್ಟೂ ತಿಪ್ಪೆಗೆ!" ಎಂದು ಅಂತಿಮ ತೀರ್ಪು ಕೊಟ್ಟರು.

ಚಿಕ್ಕಪ್ಪ ಬಾಟಲಿ ಬಿಟ್ಟು ಬೂದಿಗೆ ಬಂದರು. ಬೆರಣಿಯ ಬೂದಿಯನ್ನು ಜರಡಿ ಹಿಡಿದು, ಸಿಪ್ಪೆಯ ಪುಡಿ ಬೆರೆಸಿ, ಅಂಟುವಾಳದ ಕಾಯಿ ಕುದಿಸಿದ ರಸದಲ್ಲಿ ಕಲಸಿ, ಚೌಕ ಗಟ್ಟಿಗಳಾಗಿ ತಟ್ಟಿ ಒಣಗಿಸಿದರು. ಮೂಸಿಯೂ ನೋಡೆನೆಂದ ಚಿಕ್ಕಮ್ಮ ಅಂಗಡಿಯ ಸೋಪನ್ನು ರಾಗಿಹಿಟ್ಟಿನ ಡಬ್ಬದ ಹಿಂದೆ ಬಚ್ಚಿಟ್ಟುಕೊಂಡರು. ಇದು ಚಿಕ್ಕಪ್ಪನಿಗೂ ಗೊತ್ತಿತ್ತು. ಪಾಪ, ಗೊತ್ತಿಲ್ಲದವರ ಹಾಗೆ ಇದ್ದರು.

ಆದರೆ ಶಿವಭಕ್ತರ ಮನೆಯಲ್ಲಿ ಬೂದಿಯನ್ನು ಗಟ್ಟಿ ಮಾಡಿಟ್ಟರೆ ನೋಡಿದವರು ಏನೆಂದುಕೊಳ್ಳಬೇಕು, ನೀವೇ ಹೇಳಿ!

ಮೊನ್ನೆ ಬೇಸಿಗೆಯಲ್ಲಿ ಕೊತ್ತಗೆರೆಯಿಂದ ಚಿಕ್ಕಮ್ಮನ ಅಣ್ಣ ಬಂದರು. ವಿಭೂತಿ ಇಲ್ಲದೆ ತುತ್ತು ಮುಟ್ಟದವರು. ಹಿತ್ತಲಲ್ಲಿ ಕೈಕಾಲು ತೊಳೆದು, ಕಲ್ಲಿನ ಮೇಲಿದ್ದ ಗಟ್ಟಿಯನ್ನು ಭಕ್ತಿಯಿಂದ ಕಣ್ಣಿಗೊತ್ತಿಕೊಂಡು, ಒದ್ದೆ ಬೆರಳಲ್ಲಿ ತಿಕ್ಕಿ ಹಣೆಗೆ ಮೂರು ಗೆರೆ ಎಳೆದರು. ಬಂದು ನನ್ನ ಪಕ್ಕದಲ್ಲೇ ಊಟಕ್ಕೆ ಕೂತರು. ಬಿಸಿ ಮುದ್ದೆ, ಖಾರದ ಸಾರು, ಹಣೆ ಬೆವರಿತು. ಟವಲಿನಿಂದ ಒರೆಸಿದರು, ನೊರೆ ಬಂತು! ಇನ್ನಷ್ಟು ಒರೆಸಿದರು, ಇನ್ನಷ್ಟು ನೊರೆ!

"ಏನ್ ಭಾವ ಇದು? ನಿಮ್ಮನೆ ಈಬತ್ತಿ ನೊರೆ ಬತ್ತದಲ್ಲಾ!"

ಇನ್ನೊಬ್ಬರಾಗಿದ್ದರೆ ಕ್ಷಮೆ ಕೇಳುತ್ತಿದ್ದರು. ಚಿಕ್ಕಪ್ಪ ಕಣ್ಣರಳಿಸಿ, "ಚರ್ಮ ಉರೀತದಾ? ಇಲ್ಲ ತಾನೇ! ಪಾತ್ರೆ ಸೋಪಲ್ಲಿ ಅದೇ ನೋಡಿ ಸ್ಪೆಷಲ್ಲು!" ಎಂದುಬಿಟ್ಟರು.

ಚಿಕ್ಕಮ್ಮನ ಅಣ್ಣ ಎದ್ದು ಹೋಗಿ ಮತ್ತೊಮ್ಮೆ ಸ್ನಾನ ಮಾಡಿ ಬಂದು, ಉಂಡು ಹೊರಟರು. ಚಿಕ್ಕಮ್ಮನ ಮುಖ ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಚಿಕ್ಕಪ್ಪ ತಾವಾಗಿಯೇ ಒಂದು ಚೀಲ ತಂದು ಗಟ್ಟಿಗಳನ್ನೆಲ್ಲ ತುಂಬತೊಡಗಿದರು.

"ತಪ್ಪಾಯ್ತು ಕಣೇ. ನಿನ್ ಅಂಗಡಿ ಸೋಪೇ ತಗೋ ಇನ್ಮೇಲೆ."

ಸಹಾಯ ಮಾಡಲು ಹೋಗಿ ನಾನು ಡಬ್ಬದ ಹಿಂದೆ ಕೈ ಹಾಕಿ ಆ ಸೋಪನ್ನು ತೆಗೆದೆ. ಒಣಗಿ, ಧೂಳು ಹಿಡಿದು, ಉದ್ದಕ್ಕೂ ಬಿರುಕು ಬಿಟ್ಟಿತ್ತು. ನೀರು ಕಂಡು ಎಷ್ಟು ಕಾಲವಾಗಿತ್ತೋ!

"ಅದನ್ಯಾಕೋ ತೆಗ್ದೆ?" ಎಂದು ಚಿಕ್ಕಮ್ಮ ಕಿತ್ತುಕೊಳ್ಳಲು ಕೈ ಚಾಚಿದರು. ಆ ಕೈಯನ್ನು ಚಿಕ್ಕಪ್ಪ ಹಿಡಿದು ನೋಡಿದರು. ಅಂಗೈಯಲ್ಲಿ ಒಂದು ಬಿರುಕೂ ಇರಲಿಲ್ಲ.

"ಯಾವಾಗಿಂದ?"

"ಎರಡ್ ತಿಂಗ್ಳಾಯ್ತು. ನಿಮ್ದೇ ಉಜ್ತಿದೀನಿ."

"ಹೇಳ್ಬಾರ್ದಿತ್ತೇನೇ?"

"ಹೇಳಿದ್ರೆ ನಿಮ್ಮನ್ನ ಹಿಡಿಯೋಕಾಯ್ತದಾ?"

ಅಷ್ಟು ಬಾಟಲಿಗಳಿಗೆ ರೈಟ್ ಕೊಟ್ಟವರು ಒಂದೇ ಕೈಯಲ್ಲಿ ಚೀಲದ ಗಟ್ಟಿಗಳನ್ನು ವಾಪಸು ಇಳಿಸತೊಡಗಿದರು. ಹಿಡಿದುಕೊಂಡಿದ್ದ ಆ ಕೈಯನ್ನು ಮಾತ್ರ ಬಿಡಲಿಲ್ಲ.