ಗಿಳಿಮೀನಿನ ಮರಳು

ಸತ್ತ ಪ್ರಾಣಿಗಳ ನಡುವೆ ಕೆಲಸ ಮಾಡುವವನಿಗೆ ನಗುವ ಪ್ರಸಂಗ ಎಲ್ಲಿಂದ ಬರಬೇಕು ಅನ್ನುತ್ತಾರೆ. ನನಗೆ ಬರುತ್ತಲೇ ಇದ್ದವು. ಅರವತ್ತರ ದಶಕದಲ್ಲಿ ನಾನು ದಾವಣಗೆರೆಯ ಕಾಲೇಜೊಂದರ ಪ್ರಾಣಿಶಾಸ್ತ್ರ ಪ್ರಯೋಗಾಲಯದಲ್ಲಿ ಅಟೆಂಡರ್. ಇವು ನಮ್ಮ ಮೇಷ್ಟ್ರು ಮತ್ತು ಅವರ ಗಿಳಿಮೀನಿನ ಸಂಗತಿಗಳು.

ವಿಭೂತಿ

ಮೀನು ಫಾರ್ಮಲಿನ್ ಜಾಡಿಯಲ್ಲಿತ್ತು. ಬಾಯಿ ಥೇಟ್ ಗಿಳಿಯ ಕೊಕ್ಕು. ಆಯುಧಪೂಜೆಗೆ ನಾನು ಎಲ್ಲ ಜಾಡಿಗಳಿಗೂ ಮೂರೆಳೆ ವಿಭೂತಿ ಬಳಿದೆ, ಹೆಸರಿನ ಚೀಟಿಯ ಮೇಲೆಯೇ. ಮರುವಾರ ತಪಾಸಣೆಗೆ ಬಂದ ಸಾಹೇಬರು ಚೀಟಿ ಓದಲಾಗದೆ, ಇದು ಎಲ್ಲಿಯ ಮೀನು ಎಂದು ಕೇಳಿದರು.

ಮೇಷ್ಟ್ರು ಗಂಭೀರವಾಗಿ, “ಸಮುದ್ರದ್ದು ಸರ್. ಇಲ್ಲಿಗೆ ಬಂದಮ್ಯಾಲೆ ನಮ್ಮ ಪೈಕಿ ಆಗೈತ್ರಿ” ಅಂದರು.

ಖಣ

ಫಾರ್ಮಲಿನ್‌ನಲ್ಲಿ ಬಣ್ಣ ನಿಲ್ಲುವುದಿಲ್ಲ. ಹವಳದ ದಿಬ್ಬಗಳಲ್ಲಿ ಬದುಕಿದ್ದಾಗ ಆ ಮೀನು ನೀಲಿ ಹಸಿರು, ಅಂಚಿಗೆ ಗುಲಾಬಿ. ಜಾಡಿಯಲ್ಲಿ ಬೂದಿ. ಹುಡುಗರಿಗೆ ಅಸಲು ಬಣ್ಣ ತಿಳಿಯಲೆಂದು ಮೇಷ್ಟ್ರ ಹೆಂಡತಿ ತಮ್ಮ ಕುಬುಸದ ಖಣದ ತುಂಡು ಕೊಟ್ಟು ಕಳಿಸಿದರು. ಅದನ್ನು ಜಾಡಿಯ ಪಕ್ಕ ಪಿನ್ನು ಚುಚ್ಚಿಟ್ಟೆ.

ಮಂಡಿಪೇಟೆಯ ಬಟ್ಟೆ ವ್ಯಾಪಾರಿಯ ಮಗ ಪರೀಕ್ಷೆಯಲ್ಲಿ ಬರೆದಿದ್ದ: ಗಿಳಿಮೀನಿನ ಮೈ ಗುಳೇದಗುಡ್ಡದ ಖಣ, ತೊಳೆದರೆ ಬಣ್ಣ ಹೋಗುವುದಿಲ್ಲ.

ಊಟದ ಹೊತ್ತು

ಒಂದು ದಿನ ಮೇಷ್ಟ್ರು ತಮ್ಮ ಮನೆಯಲ್ಲಿ ನನಗೂ ಊಟಕ್ಕೆ ಹೇಳಿದ್ದರು. ಮಾತಿನ ನಡುವೆ, ಈ ಮೀನು ಪಾಚಿಗಾಗಿ ಹವಳದ ಕಲ್ಲನ್ನೇ ಕೆರೆದು ನುಂಗುತ್ತದೆ, ಗಂಟಲಲ್ಲಿ ಅರೆದು ಹಿಂದಿನಿಂದ ಬಿಡುತ್ತದೆ, ಹವಳವಿರುವ ಕಡೆ ದಂಡೆಯ ಬಿಳಿ ಮರಳಿನಲ್ಲಿ ಬಹುಪಾಲು ಅದೇ ಎಂದರು. ಅವರ ಹೆಂಡತಿ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಒಂದು ಹಿಡಿ ಆ ಮರಳು ತಂದುಕೊಡ್ರಿ, ನೋಡ್ತೀನಿ. ನಮ್ಮವ್ವಗೆ ಮಾತ್ರ ಹೇಳಬ್ಯಾಡ್ರಿ.”

ಆಕೆಯ ತಾಯಿ ಹರಿಹರದಲ್ಲಿ ಬಲು ಮಡಿಯ ಮುದುಕಿ. ಮೇಷ್ಟ್ರು, ಮರಳೇಕೆ, ಮುಂದಿನ ವರ್ಷ ನಿನ್ನನ್ನೇ ಸಮುದ್ರಕ್ಕೆ ಕರೆದೊಯ್ಯುತ್ತೇನೆ ಎಂದು ಮಾತು ಕೊಟ್ಟರು.

ಮುಂದಿನ ವರ್ಷಕ್ಕೆ ಆಕೆ ಉಳಿಯಲಿಲ್ಲ. ವಿಷಮಶೀತ ಜ್ವರ. ತವರೂರು ಹರಿಹರದಲ್ಲೇ ಮಣ್ಣು ಮಾಡಿದರು. ಈ ಪ್ರಸಂಗಕ್ಕೆ ನಗುವ ಕೊನೆ ನನ್ನ ಹತ್ತಿರ ಇಲ್ಲ. ಜಾಡಿಯ ಪಕ್ಕದ ಖಣವನ್ನು ತೆಗೆಯಲು ನನಗೆ ಕೈ ಬರಲಿಲ್ಲ.

ಹಿಡಿ ಮರಳು

ಆಮೇಲೆ ಒಮ್ಮೆ ಹುಡುಗರ ಪ್ರವಾಸ ರಾಮೇಶ್ವರದ ಕಡೆ ಹೊರಟಿತು. ದೋಣಿಯಿಂದ ಬಗ್ಗಿ ನೋಡಿದರೆ ತಿಳಿನೀರಿನಲ್ಲಿ ಜೀವಂತ ಗಿಳಿಮೀನು, ಅದೇ ಖಣದ ಬಣ್ಣ. ಮೇಷ್ಟ್ರು ಆ ದಿನ ಪಾಠ ಮಾಡಲಿಲ್ಲ. ದಂಡೆಗೆ ಬಂದು ಕರ್ಚೀಫಿನ ತುಂಬ ಮರಳು ಕಟ್ಟಿಕೊಂಡರು.

ಬರುವಾಗ ಹುಡುಗರನ್ನು ದಾವಣಗೆರೆಯಲ್ಲಿ ಇಳಿಸಿ, ಮೇಷ್ಟ್ರೂ ನಾನೂ ಮುಂದೆ ಹರಿಹರಕ್ಕೆ ಹೋದೆವು. ಮೇಷ್ಟ್ರ ಅತ್ತೆಯೂ ಮಗಳ ಸಮಾಧಿಗೆ ಬಂದರು. ಮೇಷ್ಟ್ರು ಮರಳು ಸುರಿದಾಗ, ಎಲ್ಲಿಯದು ಎಂದು ಅತ್ತೆ ಕೇಳಿದರು. ರಾಮೇಶ್ವರದ್ದು ಎಂದದ್ದೇ ತಡ, ಮುದುಕಿ ಅದನ್ನು ಕಣ್ಣಿಗೊತ್ತಿಕೊಂಡು, ಹಣೆಗೆ ಬಳಿದುಕೊಂಡು, ಪ್ರಸಾದವೆಂದು ಚಿಟಿಕೆ ಬಾಯಿಗೂ ಹಾಕಿಕೊಂಡರು. ಉಳಿದದ್ದನ್ನು ಓಣಿಗೆಲ್ಲ ಹಂಚುತ್ತೇನೆಂದು ಸೆರಗಿಗೆ ಗಂಟು ಹಾಕಿದರು.

ನಾನು ಮೆಲ್ಲಗೆ, “ಹೇಳಿಬಿಡ್ಲೇನ್ರಿ?” ಅಂದೆ.

“ಬ್ಯಾಡ. ಅವ್ವಗೆ ಹೇಳಬ್ಯಾಡ್ರಿ ಅಂದಾಳಲ್ಲ.”

ಹಾಗೆಂದು ಮೇಷ್ಟ್ರು ನಗಲು ಶುರುಮಾಡಿದರು. ಆಕೆ ಅಂದು ರೊಟ್ಟಿ ಕೆಳಗಿಟ್ಟು ನಕ್ಕಂತೆಯೇ, ಕಣ್ಣಲ್ಲಿ ಧಾರಾಕಾರ ನೀರು. ಅಳಿಯ ಅಳುತ್ತಿದ್ದಾನೆಂದು ಅತ್ತೆ ಗಂಟು ಬಿಚ್ಚಿ, ಅವರ ಹಣೆಗೂ ಒಂದಿಷ್ಟು ಹಚ್ಚಿದರು.