ಬಾಯಿ ಕಟ್ಟಿದ ಹಣ್ಣು

ಚಿಂತಾಮಣಿಯ ಭಾವ ಹುಟ್ಟಿದಾಗಿನಿಂದ ಕಂಡೇ ಇರದ ಹಣ್ಣೊಂದನ್ನು ಅವರಿಗೆ ತಿನ್ನಿಸದಿದ್ದರೆ ತನ್ನ ಹೆಸರು ನರಸಿಂಹಪ್ಪನೇ ಅಲ್ಲ ಎಂದು ನರಸಿಂಹಪ್ಪನವರು ಸಾರಿಬಿಟ್ಟರು. ಸಾರಿದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತು. ಕೇಳಿಸಿಕೊಂಡದ್ದು ಹೆಂಡತಿ ಓಬಳಮ್ಮ, ಜೊತೆಗೆ ಒಲೆಯ ಮೇಲಿದ್ದ ಸಾರು. ಸಾರಾದರೂ ಒಮ್ಮೆ ಕೊತಕೊತ ಎಂದಿತು. ಓಬಳಮ್ಮ ಅದನ್ನೂ ಅನ್ನಲಿಲ್ಲ.

ಅವರ ಹಟಕ್ಕೆ ಕಾರಣವಿತ್ತು. ಓಬಳಮ್ಮನ ಅಣ್ಣ ಹನುಮಂತರಾಯಪ್ಪನವರಿಗೆ ಚಿಂತಾಮಣಿಯ ಪಕ್ಕದಲ್ಲಿ ದೊಡ್ಡ ಮಾವಿನ ತೋಪು. ವರ್ಷವರ್ಷವೂ ನಂದಿಯ ತಪ್ಪಲಿನ ತಂಗಿಯ ಮನೆಗೆ ಒಂದು ಬುಟ್ಟಿ ಹಣ್ಣು ತರುತ್ತಿದ್ದರು. ತಂದವರು ಸುಮ್ಮನಿರುತ್ತಿದ್ದರೇ? "ಏಮಿ ಬಾವ, ನಿಮ್ಮ ಕಡೆ ಹಣ್ಣು ಅಂದ್ರೆ ಸೀಬೆಕಾಯಿ ಅಷ್ಟೇ ಅಲ್ವಾ?" ಎಂದು ನಗುತ್ತಿದ್ದರು. ತಮ್ಮ ಸೀಮೆಯ ಹಣ್ಣನ್ನು ಕಾಯಿ ಎಂದುಬಿಟ್ಟ ಈ ಅವಮಾನ ನರಸಿಂಹಪ್ಪನವರನ್ನು ಒಳಗೊಳಗೇ ಹಣ್ಣು ಮಾಡಿತ್ತು.

ಅರವತ್ತೆರಡನೇ ಇಸವಿಯ ಆ ಬೇಸಿಗೆಯಲ್ಲಿ ಭಾವ ಬರುತ್ತಿದ್ದದ್ದು ದೊಡ್ಡ ಮಾತಿಗೆ. ಅವರ ಮಗ ಚಲಪತಿಗೆ ನರಸಿಂಹಪ್ಪನವರ ಮಗಳು ಅಮ್ಮಾಜಮ್ಮನನ್ನು ತಂದುಕೊಳ್ಳುವುದೆಂದು ಗಂಡಸರಿಬ್ಬರೂ ಕಾಗದದಲ್ಲೇ ಮುಕ್ಕಾಲು ಪಾಲು ತೀರ್ಮಾನಿಸಿದ್ದರು. ಉಳಿದದ್ದು ಮುಹೂರ್ತ. ಎಸ್ಸೆಸ್ಸೆಲ್ಸಿ ಪಾಸಾಗಿದ್ದ ಹುಡುಗಿಯನ್ನು ಕೇಳುವುದು ಆ ಕಾಲು ಪಾಲಿನಲ್ಲೂ ಇರಲಿಲ್ಲ.

ಹಣ್ಣು ಸಿಕ್ಕಿದ್ದು ಬೆಟ್ಟದ ಮೇಲೆ, ಹಿಂದೆ ಯಾರೋ ದೊರೆ ಬಿಟ್ಟುಹೋದ ಬಂಗಲೆಯ ತೋಟದಲ್ಲಿ. ಮಾಲಿ ಕೋನಪ್ಪ ಮರಕ್ಕೆ ಹಬ್ಬಿದ್ದ ಬಳ್ಳಿಯಿಂದ ಎರಡು ಕಿತ್ತುಕೊಟ್ಟ. ಗೇಣುದ್ದ, ಹಸಿರು, ಮುಸುಕಿನ ಜೋಳದ ತೆನೆಯ ಆಕಾರ. ಮೈತುಂಬ ಹಾವಿನ ಪೊರೆಯಂತೆ ಬಿಲ್ಲೆ ಬಿಲ್ಲೆ. ಅದರ ಇಂಗ್ಲಿಷ್ ಹೆಸರು ಕೋನಪ್ಪನ ಬಾಯಲ್ಲಿ ಮೂರು ಸಲ ಮೂರು ಥರ ಹೊರಟಿತು. ಆಮೇಲೆ ಅವನು, "ಸಾಮಿ, ಬಿಲ್ಲೆ ತಾನಾಗೇ ಉದುರಿದಷ್ಟು ಮಾತ್ರ ತಿನ್ನಿ. ಉದುರದೇ ಇದ್ದ ಕಡೆ..." ಎಂದು ಶುರುಮಾಡಿದ.

"ಹಣ್ಣು ಮಾಗೋದು ನನಗೇ ಹೇಳಿಕೊಡ್ತೀಯೇನಪ್ಪ ಕೋನಪ್ಪ?" ಎಂದು ನರಸಿಂಹಪ್ಪನವರು ಇಳಿಜಾರು ಹಿಡಿದರು. ಉಳಿದರ್ಧ ಮಾತು ಬೆಟ್ಟದ ಮೇಲೆಯೇ ಉಳಿಯಿತು.

ಜೊತೆಗೆ ತಂದಿದ್ದ ತೂತುತೂತಿನ ಎಲೆಯನ್ನು ಓಬಳಮ್ಮ ತಿರುಗಿಸಿ ನೋಡಿ, "ಇದು ಕೆಸುವಿನ ಜಾತಿ ಇದ್ದಂಗಿದೆ ಕಣ್ರೀ. ನಾಲಗೆ ಕಡಿಯುತ್ತೆ" ಎಂದರು. ಕೆಸು ಚರಂಡಿ ಪಕ್ಕ ಬೆಳೆಯುವ ಗಿಡವೆಂದೂ, ಇದು ದೊರೆಸಾನಿಯರು ಚಮಚದಲ್ಲಿ ತಿನ್ನುತ್ತಿದ್ದ ಹಣ್ಣೆಂದೂ, ಇದರಲ್ಲಿ ಕಡಿತವೇನಾದರೂ ಇದ್ದರೆ ಎಲೆಯ ತೂತಿನಲ್ಲಿ ಎಂದೋ ಸೋರಿಹೋಗಿರುತ್ತದೆಂದೂ ನರಸಿಂಹಪ್ಪನವರು ವಿವರಿಸಿದರು.

ರಾಗಿಯೊಳಗೆ ಹೂತಿಟ್ಟ ಹಣ್ಣು ನಾಲ್ಕನೇ ದಿನ ಘಮ್ಮೆಂದಿತು. ಒಂದರ ಬುಡದಲ್ಲಿ ಎರಡು ಬೆರಳಗಲ ಬಿಲ್ಲೆಗಳು ಉದುರಿದ್ದವು. ಅಲ್ಲಿನ ತಿರುಳನ್ನು ಬಾಯಿಗಿಟ್ಟ ನರಸಿಂಹಪ್ಪನವರಿಗೆ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಒಮ್ಮೆ ಅನಾನಸು, ಒಮ್ಮೆ ಬಾಳೆ, ಕೊನೆಗೆ ಹಲಸಿನ ನೆನಪು! ಅಲ್ಲಿಯೇ ಅದಕ್ಕೆ 'ಅನಾನಸು ಬಾಳೆ' ಎಂದು ನಾಮಕರಣ ಮಾಡಿದರು. ಒಂದು ತುದಿ ಹಣ್ಣಾದ ಮೇಲೆ ಇನ್ನೊಂದು ತುದಿ ಕಾಯಾಗಿರಲು ಅದಕ್ಕೇನು ಹುಚ್ಚೇ ಎಂದುಕೊಂಡು, ಮರುದಿನ ನೆಂಟರು ಬಸ್ಸಿಳಿದು ಬರುತ್ತಲೇ ಮಿಕ್ಕ ಬಿಲ್ಲೆಗಳನ್ನು ಚಾಕುವಿನಿಂದ ಹೆರೆದು, ಹೋಳು ಮಾಡಿ, ಮೇಲೆ ಜೇನು ಸುರಿದರು.

ತಟ್ಟೆಗಳ ಮುಂದೆ ಅರ್ಧ ಗಂಟೆ ಭಾಷಣವಾಯಿತು. ಅದು ಅವರ ಆ ದಿನದ ಕೊನೆಯ ಭಾಷಣ.

ಮೊದಲ ಹೋಳನ್ನು ಜೇನು ಕಾಪಾಡಿತು. ಎರಡನೆಯದಕ್ಕೆ ನಾಲಗೆಯ ಮೇಲೆ ಸಾವಿರ ಸೂಜಿಗಳು ಸಂತೆ ಸೇರಿದವು. ಆದರೆ ಹೇಳುವವರು ಯಾರು? ಚೆನ್ನಾಗಿಲ್ಲವೆಂದರೆ ದೊರೆಗಳ ಹಣ್ಣಿನ ರುಚಿ ಗೊತ್ತಿಲ್ಲದ ಗಮಾರನಾಗುತ್ತೇನೆಂದು ಹನುಮಂತರಾಯಪ್ಪನವರು ಮೂರನೆಯದನ್ನು ನುಂಗಿದರು. ಭಾವನೇ ತಿನ್ನುತ್ತಿರುವಾಗ ತಾನು ನಿಲ್ಲಿಸಿದರೆ ಮಾನ ಹೋಗುತ್ತದೆಂದು ನರಸಿಂಹಪ್ಪನವರು ನಾಲ್ಕನೆಯದನ್ನು ನುಂಗಿದರು. ಮುಂದೆ ಮಾವನಾಗುವವರ ಮುಂದೆ ಮರ್ಯಾದಸ್ಥನಾಗಿ ಕಾಣಲು ಚಲಪತಿ ತಟ್ಟೆಯನ್ನೇ ಬರಿದು ಮಾಡಿದ. ಆಮೇಲೆ ಮೂವರ ತುಟಿಗಳೂ ಊದಿ, ಗಂಟಲು ಕಟ್ಟಿ, ಹಣ್ಣು ತಿಂದವರೆಲ್ಲ ಹಣ್ಣುಗಾಯಿ ನೀರುಗಾಯಿಯಾಗಿ ಒಬ್ಬರ ಮುಖ ಒಬ್ಬರು ನೋಡುತ್ತ ಕುಳಿತರು.

ಆಗ ಬಡಿಸಲು ನಿಂತಿದ್ದ ಅಮ್ಮಾಜಮ್ಮ ತಾಯಿಯ ಮುಖವನ್ನೊಮ್ಮೆ ನೋಡಿ, ಸೆರಗಿನಿಂದ ಒಂದು ಕಾಗದ ತೆಗೆದಳು.

"ಮಾವ, ನನಗೆ ಕೋಲಾರದಲ್ಲಿ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿದೆ. ಎರಡು ವರ್ಷ ಓದಿ, ಕೆಲಸಕ್ಕೆ ಸೇರ್ತೀನಿ. ಮದುವೆ ಮಾತು ಆಮೇಲೆ. ಬೇಡ ಅನ್ನೋರಿದ್ರೆ ಈಗಲೇ ಹೇಳಿಬಿಡಿ."

ನರಸಿಂಹಪ್ಪನವರು ಬಾಯಿ ತೆರೆದರು. ಹೊರಬಂದದ್ದು ಕುಲುಮೆಯ ತಿದಿಯ ಸದ್ದು. ಹನುಮಂತರಾಯಪ್ಪನವರು ನೀರು ಬೇಕೆಂದು ತಲೆಯನ್ನು ಮೇಲೆ ಕೆಳಗೆ ಜೋರಾಗಿ ಆಡಿಸಿದರು. ಚಲಪತಿಯ ಕಣ್ಣಿಂದ ನೀರು ಇಳಿಯುತ್ತಿತ್ತು. ಮಾತಿಗೋ ಹಣ್ಣಿಗೋ ಅವನಿಗೇ ಗೊತ್ತು.

"ನೋಡಮ್ಮ, ನಿಮ್ಮ ಮಾವನೇ ತಲೆ ಆಡಿಸಿದ್ರು" ಎಂದು ಓಬಳಮ್ಮ ತೀರ್ಪು ಕೊಟ್ಟು, ಆಮೇಲಷ್ಟೇ ನಿಧಾನವಾಗಿ ಎದ್ದು ಒಳಗೆ ಹೋಗಿ ಹುಣಸೆ ಬೆಲ್ಲದ ಪಾನಕ ತಂದರು. ಅದು ಆಗಲೇ ಕದಡಿಟ್ಟದ್ದಾಗಿತ್ತು.

ಮಾರನೆಯ ದಿನ ಹನುಮಂತರಾಯಪ್ಪನವರಿಗೆ ಅರ್ಧ ದನಿ ಬಂತು. ನಾಲ್ಕು ಜನರ ಎದುರು ತಲೆ ಆಡಿಸಿದ್ದು ಒಪ್ಪಿಗೆಗಲ್ಲ, ಹಣ್ಣಿನ ಕಡಿತಕ್ಕೆ ಎಂದು ಒಪ್ಪಿಕೊಳ್ಳುವುದಕ್ಕಿಂತ ಎರಡು ವರ್ಷ ಕಾಯುವುದೇ ಮಾನವೆಂದು ಅವರಿಗೆ ತೋರಿತು. ಎರಡು ವರ್ಷ ಕಾಯುತ್ತೇವೆಂದಷ್ಟೇ ಹೇಳಿ ಮಗನೊಂದಿಗೆ ಬಸ್ಸು ಹತ್ತಿದರು.

ಮೂರನೆಯ ದಿನ ನರಸಿಂಹಪ್ಪನವರಿಗೂ ದನಿ ಬಂತು. ಮಗಳು ಅಷ್ಟರಲ್ಲಿ ಟ್ರೈನಿಂಗಿಗೆ ಸೇರುವ ಒಪ್ಪಿಗೆಯ ಕಾಗದವನ್ನು ಅಂಚೆಗೆ ಹಾಕಿ ಬಂದಿದ್ದಳು. ಅವರು ಅವಳನ್ನು ಎದುರು ನಿಲ್ಲಿಸಿಕೊಂಡು, ಅಪ್ಪನ ಬಾಯಿ ಬಿದ್ದುಹೋದ ಹೊತ್ತನ್ನೇ ನೋಡಿ ಇಂಥ ಮಾತು ಎತ್ತಬಹುದೇ, ಮೊದಲೇ ಹೇಳಲು ಏನಾಗಿತ್ತು ಎಂದು ಕೇಳಿದರು.

"ಮೊದಲು ಹತ್ತು ಸಲ ಹೇಳಿದ್ದೆ ಅಪ್ಪ" ಎಂದಳು ಅಮ್ಮಾಜಮ್ಮ. "ಆಗೆಲ್ಲ ನೀವು ಮಾತಾಡ್ತಾ ಇದ್ರಿ."